ಮಕ್ಕಳ ಕಾದಂಬರಿ: ಕೊಡುಗೆಯೋ, ಕಡವೋ?

ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಕಾದಂಬರಿಯನ್ನು ಕೊಡಬೇಕೆಂಬ ಮಾತಿಗೆ ಈಗ ಬಹುಮಟ್ಟಿಗೆ ವಿರೋಧವಿಲ್ಲ. ಆದರೆ ಏತಕ್ಕಾಗಿ ಕೊಡಬೇಕೆಂದು ವಿಚಾರಿಸುವವರು ವಿರಳ. ಕೊಟ್ಟುದಕ್ಕೆ ಪ್ರತಿಯಾಗಿ ಲೆಕ್ಕವನ್ನು ಬೇಡಿದರೆ ಅದು ಕೊಡುಗೆಯಲ್ಲ, ಕಡ. ಪುಸ್ತಕವನ್ನಿತ್ತ ಮರುದಿನವೇ ಸಾರಾಂಶವೆಲ್ಲಿ, ನೀತಿಯೇನು, ಹೊಸ ಶಬ್ದಗಳೆಷ್ಟು ಎಂದು ಕೇಳುವ ಗುರುವು ಕೊಡುವವನೋ, ವಸೂಲಿಗೆ ಬಂದವನೋ? ಇದು ಬೋಧನಕ್ರಮದ ಪ್ರಶ್ನೆಯಂತೆ ತೋರಿದರೂ ಮೂಲತಃ ಧರ್ಮಾಧರ್ಮದ ಪ್ರಶ್ನೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿಯ ಮಗು ಮನೆಯಲ್ಲಿ ಒಂದು ಬಗೆಯ ಕನ್ನಡವನ್ನಾಡುತ್ತದೆ. ಪೇಟೆಯಲ್ಲಿ ಮರಾಠಿಯನ್ನು ಕೇಳುತ್ತದೆ. ಶಾಲೆಯಲ್ಲಿ ಪುಸ್ತಕದ ಕನ್ನಡದೊಡನೆ ಮರಾಠಿ, ಇಂಗ್ಲಿಷುಗಳನ್ನೂ ಕಲಿಯುತ್ತದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿರುವುದು ದೊಡ್ಡ ಉಪಕಾರವೇ ಸರಿ. ಆದರೆ ಪಾಠವೆಂಬುದು ಸಣ್ಣದು. ಅದು ಮುಗಿಯುವ ಮೊದಲೇ ಕೆಳಗಿನ ಪ್ರಶ್ನೆಗಳು ಮಗುವಿನ ಕಣ್ಣಿಗೆ ಬೀಳುತ್ತವೆ. ಕಾದಂಬರಿಯ ಸ್ವಭಾವವೇ ಬೇರೆ. ಅದು ಪ್ರತಿದಿನವೂ ಒಂದು ನಾಳೆಯನ್ನು ಉಳಿಸಿಡುತ್ತದೆ.

ಶ್ರಾವಣಮಾಸದಲ್ಲಿ ನಮ್ಮ ಮಠಗುಡಿಗಳಲ್ಲಿ ನಡೆಯುವ ಪುರಾಣ ಪ್ರವಚನವನ್ನು ನೆನೆಯಿರಿ. ಅಕ್ಷರವರಿಯದ ಮುತ್ತ್ಯಾ, ಆಯಿಗಳು ದಿನದ ದುಡಿತ ಮುಗಿಸಿ ಬಂದು ಕೂಡುತ್ತಾರೆ. ಮುಂದೇನಾಯಿತೆಂದು ಅರಿಯುವ ಆಸೆಯಿಂದ ಮರುದಿನವೂ ಬರುತ್ತಾರೆ. ಅವರನ್ನು ಯಾರೂ ಪರೀಕ್ಷಿಸುವುದಿಲ್ಲ. ಆದರೂ ಕೇಳಿದ ಕಥೆಯು ಮನೆಯ ಕಟ್ಟೆಯ ಮೇಲೆ, ಅವರದೇ ಮಾತಿನಲ್ಲಿ, ಮತ್ತೊಮ್ಮೆ ಹುಟ್ಟುತ್ತದೆ. ಕೇಳುವ ಸುಖ ತುಂಬಿದಾಗ ಹೇಳುವ ಹಂಬಲವು ತಾನಾಗಿಯೇ ಹೊರಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬರವಣಿಗೆಯೆಂದರೆ ಆ ಹಂಬಲವೇ ಕಾಗದಕ್ಕೆ ಇಳಿದುದು.

ಕಾದಂಬರಿಯಿಂದ ಶಬ್ದಸಂಪತ್ತು ಬೆಳೆಯುವುದಿಲ್ಲವೇ, ಸದ್ಗುಣಗಳು ಮೂಡುವುದಿಲ್ಲವೇ ಎಂದು ಕೇಳಬಹುದು. ಅಹುದು, ಬೆಳೆಯುತ್ತದೆ, ಮೂಡುತ್ತವೆ. ಜೋಳವನ್ನು ಬಿತ್ತಿದ ಹೊಲದಲ್ಲಿ ಕಣಿಕೆಯೂ ಬರುತ್ತದೆ. ಆದರೆ ಬರಿಯ ಕಣಿಕೆಯನ್ನೆಣಿಸಿ ಒಕ್ಕಲಿಗನು ತೆನೆಯನ್ನು ಮರೆಯುವುದಿಲ್ಲ. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿದ್ದು ಬರೆದ 'ಶ್ಯಾಮಚೀ ಆಯಿ' ಎಂಬ ಮರಾಠಿ ಗ್ರಂಥವನ್ನು ನಮ್ಮ ಭಾಗದ ಕನ್ನಡಿಗರೂ ಬಲ್ಲರು. ಒಂದೊಂದು ರಾತ್ರಿಗೆ ಒಂದೊಂದು ಪ್ರಸಂಗದಂತೆ ಶ್ಯಾಮನು ತನ್ನ ತಾಯಿಯ ಕಥೆಯನ್ನು ಹೇಳುತ್ತ ಹೋಗುತ್ತಾನೆ. ಅದರಲ್ಲಿ ನೀತಿಯು ಹೇರಳವಾಗಿದೆ; ಆದರೆ ಅದು ಹೃದಯವನ್ನು ಮುಟ್ಟುವುದು ತಾಯಿಯ ಮಮತೆಯ ದಾರಿಯಿಂದ. ಆ ದಾರಿಯನ್ನು ಬಿಟ್ಟು ನೀತಿಯನ್ನಷ್ಟೇ ಕಿತ್ತು ಹಲಗೆಯ ಮೇಲೆ ಬರೆದರೆ ಉಳಿಯುವುದು ಒಣಮಾತು.

ಇದಕ್ಕಿಂತ ಉದಾತ್ತವಾದ, ಆದುದರಿಂದಲೇ ಇದಕ್ಕಿಂತ ಕಠಿಣವಾದ ಇನ್ನೊಂದು ವಾದವಿದೆ: ಗಡಿನಾಡಿನಲ್ಲಿ ಕನ್ನಡವು ಉಳಿಯಬೇಕು, ಆದುದರಿಂದ ಮಗು ಕನ್ನಡ ಕಾದಂಬರಿಯನ್ನೋದಬೇಕು. ಕನ್ನಡವುಳಿಯಬೇಕೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಮನುಷ್ಯನನ್ನು ಎಂದಿಗೂ ಬರಿಯ ಸಾಧನವೆಂದು ಬಗೆಯಲಾಗದು, ಅವನು ಸ್ವತಃ ಸಾಧ್ಯವೆಂದೇ ತಿಳಿಯಬೇಕೆಂದು ಜರ್ಮನ್ ತತ್ತ್ವಜ್ಞಾನಿ ಕ್ಯಾಂಟನು 1785ರಲ್ಲಿ ಪ್ರತಿಪಾದಿಸಿದನು. ಎಂಟು ವರುಷದ ಕೂಸಿಗೂ ಈ ತತ್ತ್ವವು ಸಲ್ಲುತ್ತದೆ. ಭಾಷೆಯ ಭಾರವನ್ನು ಹೊರುವ ಆಳೆಂದು ಮಗುವನ್ನು ಕಂಡರೆ ಅದಕ್ಕೆ ಅನ್ಯಾಯ, ಭಾಷೆಗೂ ಲಾಭವಿಲ್ಲ.

ಸೊಲ್ಲಾಪುರದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಇಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಶಾಲೆಯ ಓದು ಮರಾಠಿಯಲ್ಲಾಯಿತು. ಕನ್ನಡವನ್ನು ಅವರು ಬಳಿಕ ಒಲವಿನಿಂದ ಒಲಿಸಿಕೊಂಡರು. ಸೊನ್ನಲಿಗೆಯ ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮಹಿಳೆಯರಲ್ಲಿ ಅವರೇ ಮೊದಲಿಗರು. ಕನ್ನಡದ ಪರೀಕ್ಷೆಯೊಂದೂ ಅವರನ್ನು ಅಲ್ಲಿಗೆ ಒಯ್ಯಲಿಲ್ಲ, ಪ್ರೀತಿಯು ಒಯ್ದಿತು. ಭಾಷೆಯನ್ನುಳಿಸುವವರು ಭಾಷೆಯಲ್ಲಿ ಸುಖವನ್ನು ಕಂಡವರು.

ಹಾಗಾದರೆ ಪುಸ್ತಕವನ್ನು ಕೊಟ್ಟು ಗುರುವು ಸುಮ್ಮನಿರಬೇಕೆ? ಏನನ್ನೂ ಕೇಳದಿರುವುದೂ ಒಂದು ಬಗೆಯ ಉಪೇಕ್ಷೆಯೇ. ಆದುದರಿಂದ ಕೇಳಬೇಕು, ಆದರೆ ಗುರುವಿಗೆ ಉತ್ತರವು ಮೊದಲೇ ತಿಳಿದಿರುವ ಪ್ರಶ್ನೆಯನ್ನು ಕೇಳಬಾರದು. ಸಾಗರದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರವು ದೊರೆಯಿತು. ಮಲೆನಾಡಿನ ಮಳೆಯನ್ನು ಕಾಣದ ಅಕ್ಕಲಕೋಟೆಯ ಮಗುವಿಗೆ ಇದು ದೂರದ ಮಾತೆನಿಸಬಹುದು. ಆದರೆ ನಮ್ಮ ಭೀಮೆಗೂ ಉಜನಿಯಲ್ಲಿ ಅಣೆಕಟ್ಟನ್ನು ಕಟ್ಟಿದರು. 1980ರಲ್ಲಿ ಅದು ಪೂರ್ಣಗೊಂಡಿತು. ಅಲ್ಲಿಯೂ ಊರುಗಳು ನೀರಿನಡಿಗೆ ಹೋದವು. "ನಿಮ್ಮ ಊರಿಗೆ ನೀರು ಬಂದರೆ ಮನೆಯಿಂದ ಮೊದಲು ಏನನ್ನು ಹೊರಗೆ ತರುವಿರಿ?" ಎಂದು ಕೇಳಿ ನೋಡಿರಿ. ಒಬ್ಬನು ಮುತ್ತ್ಯಾನ ಬಡಿಗೆಯೆಂದು ಬರೆದಾನು, ಒಬ್ಬಳು ಅವ್ವನ ಬೀಸುವ ಕಲ್ಲೆಂದು ಬರೆದಾಳು. ಉತ್ತರ ಬರುವವರೆಗೆ ಅದು ಗುರುವಿಗೂ ತಿಳಿಯದು. ಇಲ್ಲಿ ಮಗು ಲೆಕ್ಕವನ್ನೊಪ್ಪಿಸುವುದಿಲ್ಲ. ಗುರುವಿಗೆ ಹೊಸದೊಂದನ್ನು ತಿಳಿಸುತ್ತದೆ.

ಆ ಬರಹದಲ್ಲಿ ಮನೆಯ ಮಾತು ಬಂದೇ ಬರುತ್ತದೆ. ಶಾಲೆಯು 'ಸಾಲಿ'ಯಾಗುತ್ತದೆ, ಪುಸ್ತಕವು 'ವಹಿ'ಯ ಪಕ್ಕದಲ್ಲಿ ಕೂಡುತ್ತದೆ. ಕೂಡಲೇ ಕೆಂಪು ಮಸಿಯನ್ನೆರಚಿದರೆ, ನೀನು ಹೇಳಿದುದು ಬೇಡ, ಹೇಳಿದ ಬಗೆ ಮಾತ್ರ ಬೇಕು ಎಂದಂತಾಯಿತು. ತಿದ್ದಲೇಬಾರದೆಂಬುದೂ ನಮ್ಮ ಮತವಲ್ಲ. ಗ್ರಂಥದ ಭಾಷೆಯನ್ನು ಕಲಿಸದೆ ಬಿಟ್ಟರೆ ಮಗುವಿಗೆ ಮುಂದಿನ ಗ್ರಂಥಗಳ ಬಾಗಿಲು ಮುಚ್ಚುತ್ತದೆ. ಆದರೆ ಕ್ರಮವೊಂದಿದೆ: ಮೊದಲು ಮಾರುತ್ತರ, ಆಮೇಲೆ ತಿದ್ದುಪಡಿ. "ಆ ಬೀಸುವ ಕಲ್ಲು ಅವ್ವನಿಗೆ ಎಲ್ಲಿಂದ ಬಂತು?" ಎಂದು ಹಾಳೆಯ ಕೆಳಗೆ ಗುರುವು ಬರೆದರೆ ಮಗು ಮತ್ತೆ ಬರೆಯುತ್ತದೆ. ಎರಡನೆಯ ಸಲ ಬರೆಯುವಾಗ ಕಾಗುಣಿತವನ್ನು ತಿದ್ದಿಕೊಳ್ಳಲು ಅದಕ್ಕೊಂದು ಕಾರಣವಿರುತ್ತದೆ: ತನ್ನ ಮಾತನ್ನು ಕೇಳುವವರೊಬ್ಬರಿದ್ದಾರೆ.

ಪುಸ್ತಕಗಳಿಲ್ಲ, ಸಮಯವಿಲ್ಲ ಎಂಬ ಅಡ್ಡಿಗಳು ಸುಳ್ಳಲ್ಲ. ಆದರೂ ತರಗತಿಗೊಂದು ಪ್ರತಿಯಿದ್ದರೆ ಸಾಕು. ಶಾಲೆ ಬಿಡುವ ಮುನ್ನ ಹತ್ತು ನಿಮಿಷ ಗುರುವು ಗಟ್ಟಿಯಾಗಿ ಓದಿ, ಮುಂದೇನೆಂದು ತವಕಿಸುವ ಸ್ಥಳದಲ್ಲಿ ಪುಸ್ತಕವನ್ನು ಮುಚ್ಚಲಿ. ಕೆಲವು ದಿನಗಳಲ್ಲಿ ಆ ಪುಸ್ತಕವನ್ನು ಕೇಳಿಕೊಂಡು ಮೇಜಿನ ಬಳಿಗೆ ಬರುವ ಮಗುವಿನ ಕೈಗೆ ಅದನ್ನು ಕೊಡಲಿ. ಹಾಳೆ ಮಾಸೀತೆಂಬ ಭಯ ಬೇಡ. ಕಪಾಟಿನಲ್ಲಿ ಹೊಸದಾಗಿಯೇ ಉಳಿದ ಪುಸ್ತಕಕ್ಕಿಂತ ಓದಿ ಹರಿದ ಪುಸ್ತಕವು ಧನ್ಯ.

ಕಡವನ್ನು ತೀರಿಸಿದವನು ಸಾಹುಕಾರನ ಮನೆಯತ್ತ ಮತ್ತೆ ತಿರುಗಿ ನೋಡಬಯಸುವುದಿಲ್ಲ. ಪರೀಕ್ಷೆ ಮುಗಿದೊಡನೆ ಓದನ್ನು ಬಿಡುವ ಮಕ್ಕಳು ಮಾಡುವುದೂ ಇದನ್ನೇ. ಕೊಡುಗೆಯನ್ನು ಪಡೆದವನ ರೀತಿ ಬೇರೆ. ತಾನು ಪಡೆದುದನ್ನು ಇನ್ನೊಬ್ಬನಿಗೆ ಕೊಡುವವರೆಗೆ ಅವನಿಗೆ ಸಮಾಧಾನವಿಲ್ಲ. ಮಗು ತಾನಾಗಿ ಲೇಖನಿ ಹಿಡಿಯುವುದು ಆ ಗಳಿಗೆಯಲ್ಲಿ.