ನೋಡಿದವರ ಮಾತು

ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಫುಟ್ಬಾಲಿನ ಮಾತು ಶುರುವಾದರೆ ಅದು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಬೆಂಗಳೂರು ಕಂಡ ಅತಿ ದೊಡ್ಡ ಆಟಗಾರ ಯಾರು? ಚಹಾ ಅಂಗಡಿಗಳಲ್ಲಿ, ರಂಜಾನಿನ ರಾತ್ರಿಗಳಲ್ಲಿ, ದಖನಿ, ತಮಿಳು, ಕನ್ನಡ ಮೂರೂ ಬೆರೆತ ಮಾತಿನಲ್ಲಿ ಈ ವಾದವನ್ನು ನಾನು ಹಲವು ಸಲ ಕೇಳಿದ್ದೇನೆ. ಹೆಸರುಗಳು ಹೆಚ್ಚುಕಡಿಮೆ ಅವೇ: ಅಹ್ಮದ್ ಖಾನ್, ರಾಮನ್, ಕೆಂಪಯ್ಯ, ಅರುಮೈನಾಯಗಂ, ಕಾರ್ಲ್ಟನ್ ಚಾಪ್‌ಮನ್, ಸುನಿಲ್ ಛೆಟ್ರಿ. ದನಿ ಏರುತ್ತದೆ, ಚಹಾ ಆರುತ್ತದೆ, ತೀರ್ಪು ಮಾತ್ರ ಬರುವುದಿಲ್ಲ.

ಇದನ್ನು ಕಾಲಹರಣ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಣ್ಣಾರೆ ಕಾಣದ್ದನ್ನು ಇನ್ನೊಬ್ಬರ ಮಾತಿನ ಮೇಲೆ ನಂಬುವುದು ಯಾವಾಗ ಸರಿ ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ಗ್ರಂಥಾಲಯದಲ್ಲಿ ಓದುವ ಆ ಪ್ರಶ್ನೆ ಈ ಚರ್ಚೆಯಲ್ಲಿ ಜೀವಂತವಾಗಿದೆ. ಅಳೆಯಲು ಏನೂ ಉಳಿಸದೆ ಹೋದವರ ಬಗ್ಗೆ ನ್ಯಾಯವಾಗಿ ತೀರ್ಮಾನಿಸುವುದು ಹೇಗೆ?

ಛೆಟ್ರಿಯ ಪರ ಮಾತಾಡುವ ಹುಡುಗನ ಕೆಲಸ ಸುಲಭ. ಭಾರತಕ್ಕಾಗಿ 90ಕ್ಕೂ ಹೆಚ್ಚು ಗೋಲುಗಳು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ ನಾಯಕ ಅವನೇ. ಬೇಕಾದರೆ ಪ್ರತಿ ಗೋಲನ್ನೂ ಮೊಬೈಲಿನಲ್ಲಿ ತೋರಿಸಬಹುದು. ಚಾಪ್‌ಮನ್ ಪರ ನಿಲ್ಲುವವರಿಗೂ ಒಂದು ಆಸರೆಯಿದೆ: 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜಾವ್ರಾ ವಿರುದ್ಧ ಹೊಡೆದ ಹ್ಯಾಟ್ರಿಕ್.

ಅದಕ್ಕೂ ಹಿಂದೆ ಹೋದರೆ ನೆಲ ಜಾರತೊಡಗುತ್ತದೆ. ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ದಶಕಗಟ್ಟಲೆ ಅದನ್ನು ಬ್ರಿಟಿಷ್ ತಂಡಗಳೇ ಗೆದ್ದುಕೊಂಡವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದಿತು, 1948ರಲ್ಲಿ ಮೂರನೆಯ ಸಲ. ಆ ಮೊದಲ ತಂಡದ ಆಟಗಾರರು ಹೇಗೆ ಓಡುತ್ತಿದ್ದರು, ಚೆಂಡನ್ನು ಹೇಗೆ ತಡೆಯುತ್ತಿದ್ದರು ಎಂದು ನೋಡಿ ಹೇಳುವವರು ಇವತ್ತಿನ ಚರ್ಚೆಯಲ್ಲಿ ಒಬ್ಬರೂ ಇಲ್ಲ.

ರಾಮನ್ ಹೆಸರು ಉಳಿದದ್ದು ಒಂದು ಗೋಲಿನಿಂದ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬೂಟಿಲ್ಲದೆ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಿತು. ಎರಡು ಪೆನಾಲ್ಟಿಗಳು ವ್ಯರ್ಥವಾದ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ರಾಮನ್ ಅವರದು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಮಣಿಸಿತು. ಆ ಒಂದು ಗೋಲು, 89ನೇ ನಿಮಿಷದಲ್ಲಿ, ಅಹ್ಮದ್ ಖಾನ್ ಅವರದು. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ಸಿನಲ್ಲಿ ದೇಶ ಹೊಡೆದ ಗೋಲುಗಳು ಎರಡೇ. ಎರಡೂ ಬೆಂಗಳೂರಿನ ಕಾಲುಗಳಿಂದ ಬಂದವು.

ಅಂಕಿಗಳ ಪಟ್ಟಿಯಲ್ಲಿ ಇಬ್ಬರ ಮುಂದೆಯೂ ಒಲಿಂಪಿಕ್ಸಿನ ಒಂದೊಂದು ಗೋಲು ಮಾತ್ರ ಕಾಣುತ್ತದೆ. 90 ಎಲ್ಲಿ, 1 ಎಲ್ಲಿ? ಹುಡುಗ ಗೆದ್ದ ಎನ್ನಿಸಬಹುದು. ಅವನು ಗೆದ್ದಿರುವುದು ಬೇರೆ ಪ್ರಶ್ನೆಯಲ್ಲಿ. ಯಾರ ಆಟ ಹೆಚ್ಚು ದಾಖಲಾಗಿದೆ ಎಂಬುದನ್ನು ಅಂಕಿ ಹೇಳುತ್ತದೆ. ಕೆಂಪಯ್ಯನವರಂಥ ಹಾಫ್‌ಬ್ಯಾಕ್ ಎದುರಾಳಿಯ ಕಾಲಿನಿಂದ ಕಸಿದು ಮುಂದಿನವನಿಗೆ ಕೊಟ್ಟ ಚೆಂಡುಗಳನ್ನು ಯಾರೂ ಎಣಿಸಿಡಲಿಲ್ಲ. 1956ರಲ್ಲಿ ಭಾರತ ಮೆಲ್ಬರ್ನಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲಿ ಅವರಿದ್ದರು ಎಂಬುದಷ್ಟೇ ಉಳಿದಿದೆ.

ಹಾಗಾಗಿ ಎದುರಿನವನು ಕೊನೆಯ ಅಸ್ತ್ರ ತೆಗೆಯುತ್ತಾನೆ: "ನಮ್ಮ ತಾತ ನೋಡಿದ್ದರು." ಮೊಬೈಲಿನ ಎದುರು ತಾತ! ಎಲ್ಲರೂ ನಗುತ್ತಾರೆ. ನಗುವ ಮುಂಚೆ ಕೊಂಚ ನಿಲ್ಲಬೇಕು.

ನ್ಯಾಯದರ್ಶನದಲ್ಲಿ ಪ್ರತ್ಯಕ್ಷ, ಅನುಮಾನಗಳ ಹಾಗೆ ಶಬ್ದವೂ ಒಂದು ಪ್ರಮಾಣ. ಎಲ್ಲರ ಮಾತೂ ಅಲ್ಲ, ಆಪ್ತನ ಮಾತು. ಆಪ್ತ ಯಾರು? ವಾತ್ಸ್ಯಾಯನನ ಭಾಷ್ಯದ ಪ್ರಕಾರ, ವಿಷಯವನ್ನು ನೇರವಾಗಿ ಕಂಡುಕೊಂಡವನು, ಕಂಡ ಹಾಗೇ ಹೇಳಬೇಕೆಂಬ ಆಸೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸೇರಿಸುತ್ತಾನೆ. ಅಂದರೆ ಹಣ್ಣಿನ ಗಾಡಿಯವನ ತಾತನೂ ಪ್ರಮಾಣಪುರುಷನೇ, ಅವನು ನಿಜಕ್ಕೂ ನೋಡಿದ್ದರೆ, ನೋಡಿದ ಹಾಗೆ ಹೇಳಿದ್ದರೆ.

ಆದರೆ ಇವತ್ತಿನ ಕನ್ನಡದಲ್ಲಿ ಆಪ್ತ ಎಂದರೆ ಹತ್ತಿರದವನು, ಬೇಕಾದವನು. ತೊಡಕಿರುವುದು ಇಲ್ಲೇ. ಮೊಮ್ಮಗ ತಾತನ ಮಾತನ್ನು ನಂಬುವುದು ಅವನು ಪರೀಕ್ಷಿತ ಸಾಕ್ಷಿ ಎಂದಲ್ಲ, ತನ್ನ ತಾತ ಎಂದು. ತಾತ ಹೊಗಳಿದ್ದೂ ಬಹುಶಃ ತನ್ನ ಬೀದಿಯ ಹುಡುಗನನ್ನೇ. ಪ್ರೀತಿಯಿಂದ ನೋಡುವವನು ಚೆನ್ನಾಗಿ ನೋಡುತ್ತಾನೆ ನಿಜ, ಕೆಲವು ಸಲ ಇಲ್ಲದ್ದನ್ನೂ ನೋಡುತ್ತಾನೆ.

ಇಲ್ಲಿ ಹಲವರು ಹಿಡಿಯುವ ಸುಲಭದ ದಾರಿಯೊಂದಿದೆ: ಅವರವರ ಕಾಲಕ್ಕೆ ಅವರವರು ದೊಡ್ಡವರು, ಹೋಲಿಕೆ ಬೇಡ. ಕೇಳಲು ಸೌಜನ್ಯದ ಮಾತು. ನನಗದು ಜಾರಿಕೊಳ್ಳುವ ಮಾತಾಗಿ ಕಾಣುತ್ತದೆ. ಎಲ್ಲರೂ ದೊಡ್ಡವರು ಎಂದ ಕೂಡಲೇ ಯಾರನ್ನೂ ಗಮನಿಸಿ ನೋಡುವ ಅಗತ್ಯ ಉಳಿಯುವುದಿಲ್ಲ. ಹೋಲಿಸಹೊರಟಾಗಲೇ ಅಹ್ಮದ್ ಖಾನ್ ಯಾವ ಜಾಗದಲ್ಲಿ ಆಡುತ್ತಿದ್ದರು, ಬೂಟಿಲ್ಲದ ಕಾಲಿಗೆ ಹಸಿ ಮೈದಾನ ಏನು ಮಾಡುತ್ತದೆ ಎಂದು ಕೇಳುತ್ತೇವೆ. ಸತ್ತವರಿಗೆ ನಾವು ಕೊಡಬಹುದಾದ ಮರ್ಯಾದೆ ಆ ವಿಚಾರಣೆಯಲ್ಲಿದೆ.

ಹಾಗಾದರೆ ನನ್ನ ಉತ್ತರವನ್ನೂ ಹೇಳಬೇಕು. ಈಗ ಸಿಗುವ ಸಾಕ್ಷ್ಯದ ಮೇಲೆ ನನ್ನ ಮತ ಅಹ್ಮದ್ ಖಾನ್ ಅವರಿಗೆ. ಕಾರಣ ಹೆಲ್ಸಿಂಕಿಯ ಗೋಲಲ್ಲ. ಬೆಂಗಳೂರು ಮುಸ್ಲಿಮ್ಸ್ ಪರ ಆಡಿದ ಅವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. 1949ರಿಂದ 1951ರವರೆಗೆ ಆ ಕ್ಲಬ್ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಗೆದ್ದಿತು. ಅದರ ಮುಂಪಡೆಯ ಐವರನ್ನು ಜನ ಪಂಚಪಾಂಡವರೆಂದರು. ಅಹ್ಮದ್ ಖಾನ್ ಜೊತೆ ನಮ್ಮದೇ ಧನರಾಜ್ ಕೂಡ ಅದರಲ್ಲಿದ್ದರು. ಚೆಂಡು ಇವರ ಕಾಲಿಗೆ ಆಡುವ ರೀತಿ ಕಂಡು ಹಾವಾಡಿಗ ಎಂದು ಹೆಸರಿಟ್ಟರು. ಹಾಗೆ ಹೊಗಳಿದವರಿಗೆ ಇವರ ಭಾಷೆ ಬರುತ್ತಿರಲಿಲ್ಲ, ಇವರ ಬೀದಿ ಗೊತ್ತಿರಲಿಲ್ಲ. ಕ್ಲಬ್ಬಿನ ಅಭಿಮಾನ ಅವರಿಗೂ ಇತ್ತು, ಆದರೆ ಬೆಂಗಳೂರನ್ನು ಮೆರೆಸುವ ಹಂಗಿರಲಿಲ್ಲ. ಹಳೆಯ ಅರ್ಥದಲ್ಲಿ ಆಪ್ತರು, ಹೊಸ ಅರ್ಥದಲ್ಲಿ ಪರಕೀಯರು. ಇಂಥ ಸಾಕ್ಷಿಗಳ ಮಾತೂ ತಾತನ ಮಾತೂ ಕೂಡಿಬಂದಾಗ ನಂಬುವುದಕ್ಕೆ ಆಧಾರ ಸಿಗುತ್ತದೆ.

ನನ್ನ ಈ ತರ್ಕ ಸರಿಯೇ ಇದೆ. ಆದರೂ ಅದು ಅನ್ಯಾಯ ಮಾಡುತ್ತದೆ. ಊರು ಬಿಟ್ಟು ಹೋದವರಿಗಷ್ಟೇ ಪರಕೀಯ ಸಾಕ್ಷಿಗಳು ಸಿಗುತ್ತಾರೆ. ಎಚ್‌ಎಎಲ್, ಐಟಿಐಗಳಲ್ಲಿ ಕೆಲಸ ಹಿಡಿದು, ಮನೆಯವರನ್ನು ನೋಡಿಕೊಂಡು ಇಲ್ಲೇ ಉಳಿದು, ಇಲ್ಲಿನ ಮೈದಾನಗಳಲ್ಲೇ ಆಡಿ ಮುಗಿಸಿದವನಿಗೆ ಬೀದಿಯವರೇ ಸಾಕ್ಷಿ. ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಹಲಸೂರು ಬಳಿಯ ಗೌತಮಪುರದಲ್ಲಿ ಅಂಥವರ ಕಥೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಹೆಣ್ಣುಮಕ್ಕಳ ಹೆಸರಂತೂ ನಾನು ಕೇಳಿದ ಒಂದು ಚರ್ಚೆಯಲ್ಲೂ ಬಂದಿಲ್ಲ. ಅವರ ಆಟವನ್ನು ನಿಂತು ನೋಡಿದವರೇ ಕಡಿಮೆ.

ಇನ್ನೊಂದು ಮಗ್ಗುಲಿದೆ. 1937ರಲ್ಲಿ ಕಂಟೋನ್ಮೆಂಟ್ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಮಹಾರಾಜರ ರಾಜ್ಯದಲ್ಲಿತ್ತು. ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ನೆನಪುಗಳು ಮಾತ್ರ ಇನ್ನೂ ಪೂರ್ತಿ ಕೂಡಿಲ್ಲ. ಕನ್ನಡದಲ್ಲಿ ಓದುವ ಬೆಂಗಳೂರಿಗೆ ಗುಂಡಪ್ಪ ವಿಶ್ವನಾಥ್ ಗೊತ್ತು, ದ್ರಾವಿಡ್ ಗೊತ್ತು. ರೋವರ್ಸ್ ಕಪ್ ತಂದವರನ್ನು ಉರ್ದು, ತಮಿಳು ಮಾತಾಡುವ ಕೆಲವು ಬೀದಿಗಳು ಹೊತ್ತುಕೊಂಡಿವೆ. ಸಿಕಂದರಾಬಾದಿನಲ್ಲಿ ಹುಟ್ಟಿದ ಛೆಟ್ರಿಯನ್ನು ನಮ್ಮವನೆನ್ನಲು ನಾವು ಹಿಂದೆಮುಂದೆ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಅಷ್ಟೇ ಸಲೀಸಾಗಿ ಬೆಂಗಳೂರು ಮುಸ್ಲಿಮ್ಸ್ ನಮ್ಮದು ಎನ್ನಲು ಬರಬೇಕು. ಆಟಗಾರನ ಊರು ಯಾವುದು ಎಂದರೆ, ಅವನಿಗೆ ಸಾಕ್ಷಿ ಹೇಳಲು ಸಿದ್ಧವಿರುವ ಊರು.

ನೈಯಾಯಿಕರು ಚರ್ಚೆಯಲ್ಲೂ ಮೂರು ಬಗೆ ಗುರುತಿಸಿದ್ದರು. ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುದಷ್ಟೇ ವಿತಂಡ. ಶಿವಾಜಿನಗರದ ಚರ್ಚೆ ಮೇಲುನೋಟಕ್ಕೆ ಜಲ್ಪ. ಮೊಬೈಲ್ ಹಿಡಿದು ತಾತನನ್ನು ನಕ್ಕು ಬಿಟ್ಟರೆ ವಿತಂಡ. ಅದನ್ನು ವಾದವಾಗಿಸಲು ಒಂದೇ ಪ್ರಶ್ನೆ ಸಾಕು: "ನಿಮ್ಮ ತಾತ ನೋಡಿದ್ದು ಸರಿಯಾಗಿ ಏನನ್ನು?" ಯಾವ ಮೈದಾನ, ಯಾವ ಪಂದ್ಯ, ಚೆಂಡು ಯಾವ ಕಾಲಿನಲ್ಲಿತ್ತು? ಉತ್ತರ ಬಂದರೆ ಸಾಕ್ಷ್ಯಕ್ಕೆ ಒಂದು ಎಳೆ ಸೇರುತ್ತದೆ. ಬಾರದಿದ್ದರೆ ಆ ಆಟಗಾರ ದೊಡ್ಡವನೆಂದು ಸಿದ್ಧವಾಗಲಿಲ್ಲ ಎನ್ನಬಹುದು. ದೊಡ್ಡವನಲ್ಲ ಎಂದು ಸಿದ್ಧವಾಯಿತು ಎನ್ನುವ ಹಾಗಿಲ್ಲ. ಈ ಎರಡರ ನಡುವಿನ ಅಂತರವನ್ನು ಕಾಯ್ದುಕೊಳ್ಳುವುದೇ ಇಲ್ಲಿ ನ್ಯಾಯ ಎನ್ನುವುದರ ಅರ್ಥ.

ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು, ಚಾಪ್‌ಮನ್ ಇನ್ನೂ ಐವತ್ತು ತುಂಬುವ ಮೊದಲೇ 2020ರಲ್ಲಿ. 1967-68, 1968-69ರಲ್ಲಿ ಮೈಸೂರು ತಂಡ ಸತತವಾಗಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ಕಂಡ ಹುಡುಗರಿಗೆ ಈಗ ಎಪ್ಪತ್ತರ ಆಚೀಚೆ. ಕರ್ನಾಟಕ ಮತ್ತೆ ಆ ಕಪ್ ಎತ್ತಿದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ. ಆ ಗೆಲುವಿನ ಚಿತ್ರಗಳು ಎಲ್ಲರ ಮೊಬೈಲಿನಲ್ಲಿವೆ. ಹಿಂದಿನವು ಕೆಲವರ ಕಣ್ಣಲ್ಲಿ ಮಾತ್ರ ಇವೆ. ಅತಿ ದೊಡ್ಡ ಆಟಗಾರ ಯಾರೆಂಬ ತೀರ್ಪು ಇನ್ನೂ ನೂರು ವರ್ಷ ಕಾಯಬಹುದು, ಈ ಸಾಕ್ಷಿಗಳಿಗೆ ಅಷ್ಟು ವ್ಯವಧಾನವಿಲ್ಲ.