ಚೆನ್ನಾಗಿ ಬರೆಯುವುದು, ಚೆನ್ನಾಗಿ ಕಾಣುವುದು

ನಮ್ಮ ಮನೆಗಳ ಮಕ್ಕಳಿಗೆ ಶಾಲೆಯಲ್ಲಿ ಒಂದಲ್ಲ ಒಂದು ವರ್ಷ ತಮ್ಮದೇ ಭಾವಚಿತ್ರ ಬರೆದು ತರುವ ಕೆಲಸ ಬಂದೇ ಬರುತ್ತದೆ. ಕನ್ನಡಿ, ಪೆನ್ಸಿಲು, ದಪ್ಪ ಕಾಗದ. ಗಂಟೆಗಟ್ಟಲೆ ಕೂತು ಬರೆದದ್ದನ್ನು ಮನೆಯವರಿಗೆ ತೋರಿಸಿದರೆ ಅಜ್ಜಿಯಿಂದ ಹಿಡಿದು ಚಿಕ್ಕಪ್ಪನವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನೂ ಸ್ವಲ್ಪ ಚೆನ್ನಾಗಿ ಮಾಡು ಮಗಳೇ."

ಈ ‘ಚೆನ್ನಾಗಿ’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಚಿತ್ರ ಚೆನ್ನಾಗಿ ಬರಲಿ ಎಂದರೆ ಇದ್ದ ಮುಖಕ್ಕೆ ಇನ್ನೂ ಹತ್ತಿರವಾಗಲಿ ಎಂದರ್ಥವೋ, ಮುಖ ಚೆನ್ನಾಗಿ ಕಾಣಲಿ ಎಂದರ್ಥವೋ? ನಮ್ಮ ಭಾಷೆ ಎರಡಕ್ಕೂ ಒಂದೇ ಪದ ಕೊಟ್ಟು ಸುಮ್ಮನಾಗಿದೆ. ಬೇರೆಯವರ ಚಿತ್ರ ಬರೆಯುವಾಗ ಈ ತೊಡಕು ಅಷ್ಟಾಗಿ ಕಾಡದು. ತನ್ನದೇ ಮುಖವಾದಾಗ ಬರೆಯುವವಳೂ ಅವಳೇ, ಸಾಕ್ಷಿಯೂ ಅವಳೇ.

ಮೊದಲ ಅರ್ಥದ ತಿದ್ದುಪಡಿ ಸುಲಭ, ಅದನ್ನು ಬೇಗ ಹೇಳಿ ಮುಗಿಸುತ್ತೇವೆ. ಹೊಸಬರು ಸಾಮಾನ್ಯವಾಗಿ ಕಣ್ಣುಗಳನ್ನು ತೀರಾ ಮೇಲಕ್ಕೆ ಇಡುತ್ತಾರೆ. ನಿಜವಾಗಿ ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣುಗಳು ಹೆಚ್ಚುಕಡಿಮೆ ನಡುಮಧ್ಯದಲ್ಲಿರುತ್ತವೆ. ಹಣೆ ಮತ್ತು ತಲೆಗೂದಲಿನಲ್ಲಿ ನಮಗೆ ಆಸಕ್ತಿಯಿಲ್ಲ, ಆದ್ದರಿಂದ ಅವುಗಳಿಗೆ ಜಾಗ ಕಡಿಮೆ ಕೊಡುತ್ತೇವೆ. ಅಳತೆಗೋಲು ಹಿಡಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಇನ್ನೊಂದು ತಮಾಷೆ: ಒಂದು ಕಣ್ಣು ಮುಚ್ಚಿಕೊಂಡು ಬಚ್ಚಲುಮನೆಯ ಕನ್ನಡಿಯ ಮೇಲೆ ಸೋಪಿನ ಚೂರಿನಿಂದ ನಿಮ್ಮ ಮುಖದ ಅಂಚನ್ನು ಗುರುತು ಮಾಡಿ ನೋಡಿ. ಗುರುತು ನಿಮ್ಮ ತಲೆಯ ಅರ್ಧ ಗಾತ್ರವಷ್ಟೇ ಇರುತ್ತದೆ, ಎಷ್ಟು ದೂರ ನಿಂತರೂ. ದಿನವೂ ನೋಡುವ ವಸ್ತುವಿನ ಬಗ್ಗೆ ನಮಗಿರುವ ತಿಳಿವಳಿಕೆ ಇಷ್ಟು!

ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಪರಿಣಾಮ ಗೊತ್ತಿರುವವರು ಕಡಿಮೆ. 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುವತಿಯರಿಗೆ ತಮ್ಮದೇ ಫೋಟೋವನ್ನು ನೇರವಾಗಿ ಒಂದು, ಎಡಬಲ ತಿರುಗಿಸಿ ಒಂದು, ಹೀಗೆ ಎರಡು ರೀತಿ ತೋರಿಸಿದರು. ಅವರಲ್ಲಿ ಹೆಚ್ಚಿನವರಿಗೆ ಹಿಡಿಸಿದ್ದು ಕನ್ನಡಿಯ ಮುಖ, ಗೆಳತಿಯರಿಗೆ ಹಿಡಿಸಿದ್ದು ನೇರ ಮುಖ. 2008ರ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ಕಂಪ್ಯೂಟರಿನಿಂದ ಸ್ವಲ್ಪ ಸುಂದರಗೊಳಿಸಿದ, ಸ್ವಲ್ಪ ಕುರೂಪಗೊಳಿಸಿದ ಹಲವು ಪ್ರತಿಗಳ ನಡುವೆ ಸ್ವಂತ ಮುಖವನ್ನು ಹುಡುಕಲು ಹೇಳಿದಾಗ ಜನ ಸುಂದರಗೊಳಿಸಿದ ಪ್ರತಿಯನ್ನೇ "ಇದೇ ನಾನು" ಎಂದು ಆರಿಸುವತ್ತ ವಾಲಿದರು. ಸ್ನೇಹಿತರ ಮುಖದ ವಿಷಯದಲ್ಲೂ ಹಾಗೆಯೇ ಆಯಿತು, ಅಪರಿಚಿತರ ಮುಖದಲ್ಲಿ ಆಗಲಿಲ್ಲ. ಅಂದರೆ ಪ್ರೀತಿ ಇದ್ದಲ್ಲಿ ಕಣ್ಣು ಮೊದಲೇ ತಿದ್ದಿಬಿಟ್ಟಿರುತ್ತದೆ. ‘ನಾನು ಕಂಡಂತೆಯೇ ಬರೆದೆ’ ಎನ್ನುವ ಪ್ರಾಮಾಣಿಕರ ಮಾತೂ ಅಷ್ಟಕ್ಕಷ್ಟೇ. ವೈದ್ಯರಾದ ನಮಗೆ ಇದು ಹೊಸದಲ್ಲ. ರೋಗಿ ಹೇಳುವ ಕಥೆಯನ್ನು ಗೌರವದಿಂದ ಕೇಳುತ್ತೇವೆ, ಆಮೇಲೆ ತಕ್ಕಡಿಯ ಮೇಲೆ ನಿಲ್ಲಿಸುತ್ತೇವೆ.

ತಿಳಿಯದೆ ಬಿಟ್ಟುಹೋಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಜರ್ಮನಿಯ ಚಿತ್ರಕಾರ ಆಂಟನ್ ರೇಡರ್‌ಶೈಟ್‌ಗೆ 1967ರಲ್ಲಿ ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಆ ನಂತರ ಅವರು ಬರೆದ ಮೊದಮೊದಲ ಸ್ವಂತ ಚಿತ್ರಗಳಲ್ಲಿ ಕಾಗದದ ಎಡಭಾಗ ಬಹುಪಾಲು ಖಾಲಿ. ಅವರ ಕಣ್ಣಿಗೇನೂ ಆಗಿರಲಿಲ್ಲ, ಆದರೆ ಎಡಗಡೆ ಎಂಬುದು ಗಮನದಿಂದಲೇ ಜಾರಿಹೋಗಿತ್ತು. ಮತ್ತೆ ಮತ್ತೆ ಬರೆದರು. ಚಿತ್ರದಿಂದ ಚಿತ್ರಕ್ಕೆ ಮುಖದ ಇನ್ನೊಂದು ಪಕ್ಕ ನಿಧಾನವಾಗಿ ಮರಳಿ ಬಂತು. 1970ರಲ್ಲಿ ತೀರಿಕೊಂಡರು.

ಇದು ತಿಳಿಯದೆ ಬಿಟ್ಟದ್ದು. ತಿಳಿದೂ ಬಿಡುವ ವಿಷಯಕ್ಕೆ ಈಗ ಬರುತ್ತೇವೆ. ನಮಗೆ ಮುಖ್ಯವೆನಿಸಿದ್ದೂ ಅದೇ.

ನಮ್ಮ ಮಕ್ಕಳ ಪೆನ್ಸಿಲ್ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಕೂದಲು ಕಪ್ಪು, ಹುಬ್ಬು ಕಪ್ಪು, ಕಣ್ಣು ಕಪ್ಪು, ಕೆನ್ನೆ ಹಣೆಗಳು ಮಾತ್ರ ಕಾಗದ ಎಷ್ಟು ಬೆಳ್ಳಗಿದೆಯೋ ಅಷ್ಟು ಬೆಳ್ಳಗೆ. ಚಿತ್ರ ಬರೆದದ್ದು ಶಿವಮೊಗ್ಗದ ಮೂಲದ ಮಗು, ಚಿತ್ರದಲ್ಲಿರುವುದು ಸ್ವೀಡನ್ನಿನ ಮಗು! ನಮ್ಮ ಚರ್ಮದ ಬಣ್ಣ ಪೆನ್ಸಿಲಿನ ಲೆಕ್ಕದಲ್ಲಿ ನಡುಬೂದು. ಆ ಬೂದುಬಣ್ಣವನ್ನು ಮುಖದ ತುಂಬ ಹರಡದ ಹೊರತು ಮೂಗಿನ ತುದಿಯ, ಹಣೆಯ ಮಿನುಗು ಬರುವುದೇ ಇಲ್ಲ, ಏಕೆಂದರೆ ಬಿಳಿಯ ಮೇಲೆ ಬಿಳಿ ಹೊಳೆಯದು. ಹೀಗಾಗಿ ಚಿತ್ರವನ್ನು ಉತ್ತಮಗೊಳಿಸುವ ಮೊದಲ ಕೆಲಸ ಮುಖವನ್ನು ಕಪ್ಪಾಗಿಸುವುದು. ಮನೆಯವರು "ಅಯ್ಯೋ, ಕೆಡಿಸಿಬಿಟ್ಟೆಯಲ್ಲ" ಎನ್ನುವುದು ಸರಿಯಾಗಿ ಆ ಗಳಿಗೆಯಲ್ಲೇ.

ಹೆಣ್ಣು ನೋಡಿ ಬಂದವರು "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ" ಎನ್ನುವುದನ್ನು ಕೇಳುತ್ತ ಬೆಳೆದವರು ನಾವು. ಪೆನ್ಸಿಲ್ ಹಿಡಿದವರಿಗೆ ಗೊತ್ತು, ಬಣ್ಣ ಕಡಿಮೆ ಇರುವುದು ಬಿಳಿಯ ಕಡೆಗೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವರ ಹೆಸರಲ್ಲೇ ‘ಚೆನ್ನ’ ಇದೆ, ಚೆನ್ನಕೇಶವ. ಮೂರ್ತಿ ಕಪ್ಪುಶಿಲೆಯದು. ಅದೇ ಗುಡಿಯಲ್ಲಿ ಕನ್ನಡಿ ನೋಡಿಕೊಳ್ಳುವ ದರ್ಪಣಸುಂದರಿಯದೂ ಗಾಢ ಬಣ್ಣದ ಕಲ್ಲೇ. ಅವಳ ಬಣ್ಣ ಕಡಿಮೆಯಾಯಿತೆಂದು ಯಾವ ಪ್ರವಾಸಿಯೂ ದೂರಿದ್ದನ್ನು ನಾವು ಕೇಳಿಲ್ಲ.

ಕಾಗದದ ಮೇಲಿನ ಮುಖವಲ್ಲವೇ, ಬೆಳ್ಳಗಾದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಬಹುದು. ನೈರೋಬಿಯಲ್ಲಿ ಇದಕ್ಕೆ ಉತ್ತರವಿದೆ. 1972ರಲ್ಲಿ ಇಲ್ಲಿನ ವೈದ್ಯರ ತಂಡವೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಪ್ರಕಟಿಸಿತು. ನೆಫ್ರಾಟಿಕ್ ಸಿಂಡ್ರೋಮ್, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈ ಊದಿಕೊಳ್ಳುವ ಮೂತ್ರಪಿಂಡದ ಕಾಯಿಲೆ ಇದ್ದ ಆಫ್ರಿಕನ್ ರೋಗಿಗಳನ್ನು ವಿಚಾರಿಸಿದಾಗ, ಅವರಲ್ಲಿ ಬಹಳ ಮಂದಿ ಪಾದರಸ ಬೆರೆತ, ಚರ್ಮ ಬಿಳುಪಾಗಿಸುವ ಕ್ರೀಮು ಹಚ್ಚುತ್ತಿದ್ದದ್ದು ತಿಳಿದುಬಂತು. ಪಾದರಸ ಚರ್ಮದಲ್ಲಿ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಹಾಗೆಯೇ ಚರ್ಮದೊಳಗೆ ಇಳಿದು ಮೂತ್ರಪಿಂಡವನ್ನೂ ಸೇರುತ್ತದೆ. ಈ ಕಾಯಿಲೆಯಲ್ಲಿ ಬೆಳಿಗ್ಗೆ ಏಳುವಾಗ ಮೊದಲು ಬಾತುಕೊಳ್ಳುವುದು ಕಣ್ಣ ಸುತ್ತಲಿನ ಜಾಗ. ಯಾವ ಮುಖಕ್ಕೆಂದು ಹಚ್ಚಿದರೋ ಅದೇ ಮುಖ. ಕಾಗದದ ಮೇಲೆ ಬಿಳಿ ಬಿಟ್ಟ ಮಗು ಕ್ರೀಮಿನ ಡಬ್ಬಿಗೆ ಕೈ ಹಾಕಿಯೇ ಹಾಕುತ್ತದೆಂದು ನಾವು ಹೇಳುತ್ತಿಲ್ಲ, ಅಷ್ಟು ನೇರವಾದ ದಾರಿಯೇನೂ ಇಲ್ಲ. ಆದರೆ ತನ್ನ ಮುಖವನ್ನು ಮೊದಲ ಬಾರಿ ಗಮನವಿಟ್ಟು ನೋಡಿದ ದಿನವೇ, ನೋಡಿದ್ದನ್ನು ಬರೆಯಬೇಡ ಎಂಬ ಪಾಠ ಮನೆಯವರಿಂದಲೇ ಸಿಕ್ಕರೆ ಅದು ಬಹುಕಾಲ ಉಳಿಯುವ ಪಾಠ.

ಹಾಗಾದರೆ ಇದ್ದದ್ದೆಲ್ಲವನ್ನೂ ಬರೆಯಲೇಬೇಕೇ? ಇಲ್ಲಿ ನಾವು ಅಷ್ಟು ಕಟ್ಟುನಿಟ್ಟಾಗಲಾರೆವು. ಹದಿನೈದು ದಿನದಲ್ಲಿ ಮಾಯವಾಗುವ ಮೊಡವೆ ಆ ವಾರದ್ದು, ಮುಖದ್ದಲ್ಲ. ಬಿಟ್ಟರೆ ಮೋಸವಿಲ್ಲ. ತೊನ್ನೋ ಸುಟ್ಟಗಾಯದ ಗುರುತೋ ಇದ್ದ ಹುಡುಗಿ ಅದನ್ನು ಬರೆಯಲು ಇಷ್ಟಪಡದಿದ್ದರೆ? ಮುಖ ಸ್ವಲ್ಪ ತಿರುಗಿಸಿ, ಆ ಪಕ್ಕವನ್ನು ನೆರಳಿಗೆ ಬಿಟ್ಟು ಬರೆಯುವ ಹಕ್ಕು ಅವಳಿಗೆ ಪೂರ್ತಿಯಾಗಿ ಇದೆ. ಕೇಳುವ ರೋಗಿಗೆ ನಿಜ ಹೇಳುತ್ತೇವೆ, ಕೇಳದ್ದನ್ನೆಲ್ಲ ಮುಖಕ್ಕೆ ರಾಚುವುದಿಲ್ಲ, ಹಾಗೆ. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಆದರೆ ಆ ಆಯ್ಕೆ ಬರೆಯುವವಳದು. "ಅದನ್ನು ಅಳಿಸಿಬಿಡಮ್ಮ, ಯಾರಾದರೂ ನೋಡಿದರೆ" ಎಂದು ಹಿರಿಯರು ಹೇಳಿದರೆ ಗುರುತಿಗಿಂತ ಆ ಮಾತು ಹೆಚ್ಚು ನೋಯಿಸುತ್ತದೆ. ಅವಳು ಧೈರ್ಯವಾಗಿ ಬರೆದೇ ತಂದಾಗ "ಎಷ್ಟು ಧೈರ್ಯ!" ಎಂದು ಹೊಗಳುವುದೂ ಬೇಡ. ಮೂಗು ಸರಿಯಾಗಿ ಬಂದಿದೆಯೇ ನೋಡಿ ಹೇಳಿದರಾಯಿತು.

ಬರೆಯಲು ಕೂರುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕಗಳು ಬೆಳಕಿಗೆ ಉತ್ತರದ ಕಿಟಕಿಯೇ ಶ್ರೇಷ್ಠ ಎನ್ನುತ್ತವೆ, ಅಲ್ಲಿ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ನೈರೋಬಿ ಭೂಮಧ್ಯರೇಖೆಯಿಂದ ಸುಮಾರು ಒಂದೂಕಾಲು ಡಿಗ್ರಿ ದಕ್ಷಿಣಕ್ಕಷ್ಟೇ ಇರುವುದರಿಂದ ಇಲ್ಲಿ ಲೆಕ್ಕ ಬೇರೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೂರ್ಯ ಉತ್ತರಕ್ಕಿರುತ್ತಾನೆ, ಆಗ ದಕ್ಷಿಣದ ಕಿಟಕಿ ಹಿಡಿಯಿರಿ. ಉಳಿದ ಆರು ತಿಂಗಳು ಉತ್ತರದ್ದು. ಜುಲೈ ತಿಂಗಳ ಮೋಡದ ಬೆಳಗ್ಗೆಗಳಲ್ಲಿ ನೆರಳು ಮೃದುವಾಗಿರುತ್ತದೆ, ಕೆನ್ನೆಯ ಬೂದುಬಣ್ಣದ ಏರಿಳಿತ ಆಗ ಸ್ಪಷ್ಟವಾಗಿ ಕಾಣುತ್ತದೆ. 4ಬಿ ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಮೊದಲು ಇಡೀ ಮುಖಕ್ಕೆ ತೆಳುವಾಗಿ ಬಣ್ಣ ಹರಡಿ, ಹೊಳಪನ್ನು ಕೊನೆಯಲ್ಲಿ ರಬ್ಬರಿನಿಂದ ತೆಗೆಯಿರಿ.