ಋಣವೂ ಮತವೂ

ಬಡವನ ಕೂಲಿಗಾಗಿ ಹೋರಾಡಿದ ಸಂಘವು ಚುನಾವಣೆಯ ಕಾಲದಲ್ಲಿ ಅದೇ ಬಡವನ ಅಂಗಳಕ್ಕೆ ಬಂದು ಮತವನ್ನು ಯಾಚಿಸಿದರೆ, ಆ ಯಾಚನೆ ಧರ್ಮಸಮ್ಮತವೇ? ಉಪಕಾರಕ್ಕೆ ಪ್ರತ್ಯುಪಕಾರ ಸಲ್ಲಬೇಕೆಂಬುದು ನಮ್ಮ ಜನದ ಹಳೆಯ ಶ್ರದ್ಧೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಮನುಷ್ಯನು ಹುಟ್ಟುವನೆಂದು ನಂಬಿದವನ ತಲೆಗೆ ನಾಯಕನ ಋಣವನ್ನೂ ಏರಿಸುವುದು ಕಷ್ಟವಲ್ಲ. ಆದರೆ ಹಾಗೆ ಏರಿಸಬಾರದೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಕುಮಟೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿನೊಡನೆ ಹೆಣಗಿ ಕಗ್ಗಭತ್ತವನ್ನು ಬೆಳೆದ ಗೇಣಿ ಒಕ್ಕಲು, ಕೊಯ್ಲಾದೊಡನೆ ಅದನ್ನು ಒಡೆಯನಿಗೆ ಅಳೆದುಕೊಟ್ಟು ಬರಿಗೈಯಲ್ಲಿ ಮರಳುತ್ತಿದ್ದ ಕಾಲದಲ್ಲಿ, ಅಂಕೋಲೆಯ ದಿನಕರ ದೇಸಾಯಿಯವರು, 1905ರಲ್ಲಿ ಗೋಖಲೆಯವರು ಸಾರ್ವಜನಿಕ ಜೀವನಕ್ಕೆ ಅಧ್ಯಾತ್ಮದ ಶುದ್ಧಿ ಬೇಕೆಂದು ಸ್ಥಾಪಿಸಿದ ಭಾರತ ಸೇವಕ ಸಮಾಜದ ದೀಕ್ಷೆಯನ್ನು ಹೊತ್ತು, ಮುಂಬಯಿಯಲ್ಲಿ ನಾವಿಕರ ಸಂಘವನ್ನೂ ಇಲ್ಲಿ ರೈತಕೂಟವನ್ನೂ ಮುನ್ನಡೆಸಿ, ಉಳುವವನೇ ಹೊಲದೊಡೆಯನೆಂದು ಸಾರಿದರು. ಬ್ರಿಟಿಷ್ ಸರಕಾರವು 1940ರಲ್ಲಿ ಅವರನ್ನು ಉತ್ತರ ಕನ್ನಡ ಜಿಲ್ಲೆಯಿಂದ ಗಡಿಪಾರು ಮಾಡಿತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. 1967ರಲ್ಲಿ, ಯಾವ ಪಕ್ಷದ ಆಸರೆಯೂ ಇಲ್ಲದೆ ಲೋಕಸಭೆಗೆ ನಿಂತಾಗ ಜಿಲ್ಲೆ ಅವರನ್ನು ಆರಿಸಿತು.

ಒಕ್ಕಲು ಅಂದು ಹಾಕಿದ ಮತ ಋಣಸಂದಾಯವೇ? ಹಾಗೆಂದು ಒಪ್ಪಿದರೆ, ಒಡೆಯನಿಗೆ ಭತ್ತದ ಗೇಣಿಯನ್ನು ಅಳೆಯುತ್ತಿದ್ದವನು ನಾಯಕನಿಗೆ ಮತದ ಗೇಣಿಯನ್ನು ಅಳೆದನೆಂದಷ್ಟೇ ಆಯಿತು; ದೇಸಾಯಿಯವರ ಹೋರಾಟವೆಲ್ಲ ವ್ಯರ್ಥವೆನ್ನಬೇಕಾದೀತು. ನಾನು ಆ ಮತವನ್ನು ವಿವೇಕವೆನ್ನುತ್ತೇನೆ. ಒಬ್ಬ ಮನುಷ್ಯನ ನಡತೆಯನ್ನು ದೀರ್ಘಕಾಲ ಕಣ್ಣಾರೆ ಕಂಡವನು, ಬೇಡವೆನ್ನುವ ಸ್ವಾತಂತ್ರ್ಯವಿದ್ದೂ ಬೇಕೆಂದನು. ಆ ಸ್ವಾತಂತ್ರ್ಯವಿಲ್ಲದೆಡೆ ಕೃತಜ್ಞತೆಯೂ ಉಳಿಯದು.

ಅಮೆರಿಕದಲ್ಲಿ ಅಂಥ ಸ್ವಾತಂತ್ರ್ಯದ ಪರೀಕ್ಷೆಯೊಂದು ನಡೆದಿದೆ. ಗಣಿಕಾರ್ಮಿಕರ ನಾಯಕ ಜಾನ್ ಲೂಯಿಸ್, 1936ರ ಅಧ್ಯಕ್ಷ ಚುನಾವಣೆಯಲ್ಲಿ ಸಂಘದ ಹಣವನ್ನೂ ಬಲವನ್ನೂ ರೂಸ್‌ವೆಲ್ಟರಿಗಾಗಿ ವಿನಿಯೋಗಿಸಿದ್ದವನು, 1940ರ ಅಕ್ಟೋಬರಿನಲ್ಲಿ ರೇಡಿಯೋದ ಮೂಲಕ ಪ್ರತಿಸ್ಪರ್ಧಿ ವಿಲ್ಕಿಗೆ ಮತ ನೀಡಬೇಕೆಂದು ಕೋರಿ, ರೂಸ್‌ವೆಲ್ಟರು ಗೆದ್ದಲ್ಲಿ ತಾನು ಹೊತ್ತಿದ್ದ, ಹಲವು ಸಂಘಗಳ ಒಕ್ಕೂಟವಾದ ಕಾರ್ಮಿಕ ಮಹಾಸಂಘದ ಅಧ್ಯಕ್ಷಪದವನ್ನು ತ್ಯಜಿಸುವೆನೆಂದು ಪಣವಿಟ್ಟನು. ರೂಸ್‌ವೆಲ್ಟರು ಗೆದ್ದರು, ಕಾರ್ಮಿಕರ ಬೆಂಬಲ ಅವರಿಗೇ ದೊರೆಯಿತು, ಲೂಯಿಸ್ ನುಡಿದಂತೆ ಪದತ್ಯಾಗ ಮಾಡಿದನು. ಆದರೆ ಗಣಿಕಾರ್ಮಿಕರು 1960ರವರೆಗೂ ಅವನನ್ನೇ ತಮ್ಮ ಸಂಘದ ಅಧ್ಯಕ್ಷನನ್ನಾಗಿ ಉಳಿಸಿಕೊಂಡರು. ಕೂಲಿಯ ವಿಷಯದಲ್ಲಿ ನಂಬಿದವನನ್ನು ಮತದ ವಿಷಯದಲ್ಲಿ ನಂಬಲೇಬೇಕೆಂಬ ನಿರ್ಬಂಧವಿಲ್ಲವೆಂಬುದನ್ನು, ಯಾವ ಶಾಸ್ತ್ರದ ನೆರವೂ ಇಲ್ಲದೆ ಅವರು ಅರಿತಿದ್ದರು.

ಹಾಗಾದರೆ ಸಂಘವು ಮೌನವಾಗಿರಬೇಕೇ? ಬೇಡ, ಅನ್ಯಾಯವನ್ನು ಕಂಡವನು ಸುಮ್ಮನಿರುವುದೂ ದೋಷವೇ. ಸತ್ಯವನ್ನು ಹೇಳುವುದು ಅದರ ಕರ್ತವ್ಯ, ಭಯವನ್ನು ಬಿತ್ತುವುದು ಪಾಪ. ಮತದಾರನಿಗೆ ದೈವಕೋಪದ ಭಯ ತೋರಿಸುವುದನ್ನು ನಮ್ಮ 1951ರ ಜನಪ್ರಾತಿನಿಧ್ಯ ಕಾಯಿದೆಯೂ ಭ್ರಷ್ಟಾಚರಣೆಯೆಂದೇ ಎಣಿಸಿದೆ. ಕೃತಘ್ನನೆಂಬ ನಿಂದೆಯ ಭಯ ಅದಕ್ಕಿಂತ ಬಹಳ ಬೇರೆಯಲ್ಲ.

ಸಂಘದ ಬಂಧುಗಳೇ, ಮುಂದಿನ ಚುನಾವಣೆಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಅದರಿಂದ ನಿಮ್ಮ ಉಪಕಾರದ ಪಟ್ಟಿಯನ್ನು ತೆಗೆದುಹಾಕಿರಿ. ಕೂಲಿ, ಭೂಮಿ, ಶಾಲೆಗಳ ವಿಷಯದಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯು ಮಾಡಿದ್ದನ್ನೂ ಮಾಡದೆ ಬಿಟ್ಟಿದ್ದನ್ನೂ ಬರೆಯಿರಿ.